ನಿಮ್ಮ ಹೊಲದ ಇಳಿಜಾರು ಶೇಕಡಾ ಎಷ್ಟು? ಬದು ಹಾಕಿಸುವ ಮುಂಚೆ ಈ ಶಾಲೆ ಲೆಕ್ಕ ಮಾಡಿ

ಮಳೆಗಾಲಕ್ಕೆ ಮುಂಚೆ ಬದು ಹಾಕಿಸಬೇಕು ಅಂತ ಜೆಸಿಬಿಯವರಿಗೆ ಫೋನ್ ಮಾಡುವವರು ತುಂಬಾ ಜನ. ಅದಕ್ಕೂ ಮುಂಚೆ ಹೊಲ ಎಷ್ಟು ಇಳಿಜಾರಾಗಿದೆ ಅಂತ ಅಳೆದು ನೋಡುವವರು ಕಡಿಮೆ. ಕೇಳಿದರೆ "ಸ್ವಲ್ಪ ಇಳುಕಲು, ಜಾಸ್ತಿ ಏನಿಲ್ಲ" ಅನ್ನೋ ಉತ್ತರ ಬರುತ್ತೆ. ಸ್ವಲ್ಪ ಅಂದ್ರೆ ಎಷ್ಟು? ನೂರು ಅಡಿಗೆ ಒಂದು ಅಡಿಯೋ, ಮೂರು ಅಡಿಯೋ? ಎರಡು ಬದುಗಳ ನಡುವೆ 70 ಮೀಟರ್ ಬಿಡಬಹುದೋ, 30 ಮೀಟರೇ ಸಾಕೋ ಅನ್ನುವುದು ಈ ಉತ್ತರದ ಮೇಲೆ ನಿಂತಿದೆ.

ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತೆ. ಉದ್ದನೆಯ ಹೊಲದಲ್ಲಿ ನಿಧಾನವಾಗಿ ಇಳಿಯುವ ಜಾಗ ನೋಡೋಕೆ ಮಟ್ಟಸವಾಗಿಯೇ ಕಾಣುತ್ತೆ. ಆದರೆ ನೀರಿಗೆ ಮೋಸ ಆಗೋದಿಲ್ಲ. ಒಂದು ಎಕರೆಯಲ್ಲಿ ಬರೀ ಒಂದು ಮಿಲಿಮೀಟರ್ ಮೇಲ್ಮಣ್ಣು ಕೊಚ್ಚಿ ಹೋದರೆ ಅದು ಸುಮಾರು 4 ಘನ ಮೀಟರ್, ತೂಕದಲ್ಲಿ ಹೆಚ್ಚುಕಡಿಮೆ 5 ಟನ್. ಹೋಗುವುದು ನೀವು ಹಾಕಿದ ಕೊಟ್ಟಿಗೆ ಗೊಬ್ಬರ ಸೇರಿಕೊಂಡಿರುವ ಮೇಲಿನ ಪದರವೇ ಹೊರತು ಕೆಳಗಿನ ಗಟ್ಟಿ ಮಣ್ಣಲ್ಲ. ಅದಕ್ಕೇ ಈ ವಾರ ಗೊಬ್ಬರ, ಔಷಧಿಯ ಮಾತು ಬಿಟ್ಟು ಒಂದು ಲೆಕ್ಕ ನೋಡೋಣ. ಮೊದಲ ಪಿಯುಸಿ ಗಣಿತದಲ್ಲಿ ಸರಳರೇಖೆಗಳ ಪಾಠದಲ್ಲಿ ಬರುವ ಲೆಕ್ಕವೇ ಇದು. ಮನೆಯಲ್ಲಿ ಆ ತರಗತಿಯ ಮಗನೋ ಮಗಳೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡೇ ಓದಿ.

ಎರಡು ಅಳತೆ, ಒಂದು ಭಾಗಾಕಾರ

ಮಕ್ಕಳು ಇದನ್ನು ಸ್ಲೋಪ್ ಅಂತಾರೆ, ಮನೆ ಕಟ್ಟುವ ಮೇಸ್ತ್ರಿಗಳು ವಾಟ ಅಂತಾರೆ, ನಾವು ಇಳಿಜಾರು, ಇಳುಕಲು ಅಂತೀವಿ. ಎಲ್ಲ ಒಂದೇ.

ಎರಡು ಹೊಲ ಇವೆ ಅಂದುಕೊಳ್ಳಿ. ಎರಡರಲ್ಲೂ ಮೇಲಿನ ತುದಿಯಿಂದ ಕೆಳಗಿನ ತುದಿಗೆ 1 ಮೀಟರ್ ಇಳಿತ ಇದೆ. ಮೊದಲನೆಯದರಲ್ಲಿ ಆ 1 ಮೀಟರ್ ಇಳಿಯೋಕೆ 100 ಮೀಟರ್ ನಡೀಬೇಕು. ಎರಡನೆಯದರಲ್ಲಿ 25 ಮೀಟರ್ ನಡೆದರೆ ಸಾಕು. ಇಳಿತ ಒಂದೇ ಆದರೂ ಎರಡು ಹೊಲ ಒಂದೇ ಅಲ್ಲ. ಹಾಗಾಗಿ ಎಷ್ಟು ಇಳೀತು ಅನ್ನೋದೊಂದೇ ಸಾಲದು, ಎಷ್ಟು ದೂರಕ್ಕೆ ಇಳೀತು ಅನ್ನೋದೂ ಬೇಕು.

ಇಳಿಜಾರು = ಎತ್ತರದ ವ್ಯತ್ಯಾಸ ÷ ಅಡ್ಡ ದೂರ

ಮೊದಲನೇ ಹೊಲ: 1 ÷ 100 = 0.01. ನೂರರಿಂದ ಗುಣಿಸಿದರೆ ಶೇಕಡಾ 1.
ಎರಡನೇ ಹೊಲ: 1 ÷ 25 = 0.04. ಅಂದರೆ ಶೇಕಡಾ 4.

ಶೇಕಡಾ 4 ಇರುವ ಜಾಗದಲ್ಲಿ, ಅಷ್ಟೇ ಆಳದ ನೀರು, ಶೇಕಡಾ 1ರ ಜಾಗಕ್ಕಿಂತ ಸುಮಾರು ಎರಡು ಪಟ್ಟು ವೇಗವಾಗಿ ಹರಿಯುತ್ತೆ. ವೇಗ ಎರಡು ಪಟ್ಟಾದರೆ ನೀರಿನ ರಭಸದ ಶಕ್ತಿ ನಾಲ್ಕು ಪಟ್ಟು. ನೋಡೋಕೆ ಅಂಥ ವ್ಯತ್ಯಾಸ ಕಾಣದ ಎರಡು ಹೊಲಗಳಲ್ಲಿ ಒಂದರಲ್ಲಿ ಕೊರಕಲು ಬಿದ್ದು ಇನ್ನೊಂದು ನೆಟ್ಟಗೆ ಉಳಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ಅಡಿ ಲೆಕ್ಕದವರು ಇಷ್ಟು ನೆನಪಿಟ್ಟುಕೊಳ್ಳಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ ಅಲ್ವಾ? ಆ 33 ಅಡಿ ಉದ್ದಕ್ಕೆ 4 ಇಂಚು ಇಳಿದಿದ್ದರೆ ಇಳಿಜಾರು ಹೆಚ್ಚುಕಡಿಮೆ ಶೇಕಡಾ 1. 8 ಇಂಚು ಇಳಿದರೆ ಶೇಕಡಾ 2. ಪೂರ್ತಿ ಒಂದು ಅಡಿ ಇಳಿದರೆ ಶೇಕಡಾ 3.

ಪುಸ್ತಕದಲ್ಲಿ ಇರುವುದೂ ಇದೇ

ಪುಸ್ತಕದಲ್ಲಿ ಅಡ್ಡ ದೂರವನ್ನು ಎಕ್ಸ್ ಅಂತಲೂ ಎತ್ತರವನ್ನು ವೈ ಅಂತಲೂ ಕರೆಯುತ್ತಾರೆ. ರೇಖೆಯ ಮೇಲೆ ಎರಡು ಬಿಂದು ತಗೊಂಡು, ಎರಡನೇ ವೈಯಿಂದ ಮೊದಲನೇ ವೈ ಕಳೆದು, ಅದನ್ನು ಎರಡನೇ ಎಕ್ಸ್‌ನಿಂದ ಮೊದಲನೇ ಎಕ್ಸ್ ಕಳೆದು ಬಂದ ಸಂಖ್ಯೆಯಿಂದ ಭಾಗಿಸುತ್ತಾರೆ. ಹೊಲದಲ್ಲಿ ಬಿಂದು ಅಂದರೆ ನೀವು ಹೊಡೆದ ಗೂಟ, ಅಷ್ಟೇ.

ಮಕ್ಕಳಿಗೆ ಇಲ್ಲಿ ಮೂರು ಕಡೆ ಗೊಂದಲ ಆಗುತ್ತೆ. ಮೂರಕ್ಕೂ ಹೊಲದಲ್ಲೇ ಉತ್ತರ ಇದೆ.

ಒಂದು, ಉತ್ತರ ಋಣ ಸಂಖ್ಯೆ ಬಂದರೆ ಏನರ್ಥ? ಎಡದಿಂದ ಬಲಕ್ಕೆ ಹೋಗ್ತಾ ರೇಖೆ ಏರಿದರೆ ಧನ, ಇಳಿದರೆ ಋಣ. ದಿಬ್ಬದಿಂದ ಕೆಳಗೆ ಅಳೆದುಕೊಂಡು ಹೋದರೆ ಋಣ, ಕೆಳಗಿನಿಂದ ದಿಬ್ಬಕ್ಕೆ ಅಳೆದರೆ ಧನ. ಹೊಲ ಅದೇ, ನೀವು ಹೊರಟ ದಿಕ್ಕು ಮಾತ್ರ ಬೇರೆ. ಆದರೆ ಎತ್ತರ ಕಳೆಯುವಾಗ ಯಾವ ಗೂಟವನ್ನು ಮೊದಲು ತಗೊಂಡಿರೋ ದೂರ ಕಳೆಯುವಾಗಲೂ ಅದನ್ನೇ ಮೊದಲು ತಗೋಬೇಕು. ಒಂದು ಕಡೆ ಹಾಗೆ ಒಂದು ಕಡೆ ಹೀಗೆ ಮಾಡಿದರೆ ಏರು ಇಳಿಜಾರಾಗುತ್ತೆ, ಇಳಿಜಾರು ಏರಾಗುತ್ತೆ.

ಎರಡು, ಇಳಿಜಾರು ಸೊನ್ನೆ ಅಂದರೇನು? ಮಟ್ಟ ಮಾಡಿದ ಭತ್ತದ ಗದ್ದೆ. ಎಷ್ಟು ದೂರ ಹೋದರೂ ಎತ್ತರ ಬದಲಾಗಲ್ಲ, ಸೊನ್ನೆಯನ್ನು ಯಾವ ದೂರದಿಂದ ಭಾಗಿಸಿದರೂ ಸೊನ್ನೆಯೇ.

ಮೂರು, ನೆಟ್ಟಗೆ ನಿಂತ ರೇಖೆಗೆ ಇಳಿಜಾರು ಇಲ್ಲ ಅಂತಾರಲ್ಲ, ಯಾಕೆ? ಬಾವಿಯ ಗೋಡೆ ನೋಡಿ. ಕೆಳಗೆ ಇಳಿಯುತ್ತೆ, ಆದರೆ ಅಡ್ಡಕ್ಕೆ ಒಂದು ಇಂಚೂ ಸರಿಯಲ್ಲ. ಅಡ್ಡ ದೂರ ಸೊನ್ನೆ. ಸೊನ್ನೆಯಿಂದ ಭಾಗಿಸೋಕೆ ಆಗಲ್ಲ, ಹಾಗಾಗಿ ಅಲ್ಲಿ ಇಳಿಜಾರು ಅನ್ನೋ ಸಂಖ್ಯೆಯೇ ಇಲ್ಲ.

ಇನ್ನೊಂದು ಮಾತು, ಮುಂದೆ ಇದೇ ಮುಖ್ಯವಾಗುತ್ತೆ. ಬಿಗಿಯಾಗಿ ಎಳೆದು ಕಟ್ಟಿದ ದಾರದ ಮೇಲೆ ಯಾವ ಎರಡು ಜಾಗ ತಗೊಂಡರೂ ಇಳಿಜಾರು ಒಂದೇ ಬರುತ್ತೆ. ಎರಡು ಮೀಟರ್ ಅಂತರದಲ್ಲಿ ಅಳೆಯಿರಿ, ಇಪ್ಪತ್ತು ಮೀಟರ್ ಅಂತರದಲ್ಲಿ ಅಳೆಯಿರಿ, ಭಾಗಿಸಿದರೆ ಅದೇ ಉತ್ತರ. ಸರಳರೇಖೆಯ ಗುಣವೇ ಅದು. ಹೊಲಕ್ಕೆ ಈ ಗುಣ ಇರೋದಿಲ್ಲ. ಹೊಲ ಎಳೆದು ಕಟ್ಟಿದ ದಾರ ಅಲ್ಲ.

ಲೆವೆಲ್ ಪೈಪಿನಿಂದ ಅಳೆಯುವುದು

ಬೇಕಾಗುವುದು ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪು 25 ಮೀಟರ್, ಸೆಂಟಿಮೀಟರ್ ಗುರುತು ಹಾಕಿದ ಎರಡು ಮೀಟರ್ ಉದ್ದದ ಎರಡು ನೇರ ಕೋಲು, ಟೇಪು, ಗೂಟ, ಒಂದು ನೋಟ್ ಪುಸ್ತಕ. ಜನ ಇಬ್ಬರು, ಬರೆದುಕೊಳ್ಳೋಕೆ ಇನ್ನೊಬ್ಬರು ಇದ್ದರೆ ಒಳ್ಳೇದು.

1. ಪೈಪಿನ ಎರಡೂ ತುದಿಯನ್ನು ಒಂದೊಂದು ಕೋಲಿಗೆ ಕಟ್ಟಿ ನೀರು ತುಂಬಿ. ಒಳಗೆ ಗಾಳಿಗುಳ್ಳೆ ಇರಬಾರದು. ಇದ್ದರೆ ಅಳತೆ ತಪ್ಪುತ್ತೆ. ನೀರಿಗೆ ಚಿಟಿಕೆ ಅರಿಶಿನ ಹಾಕಿದರೆ ಗೆರೆ ಚೆನ್ನಾಗಿ ಕಾಣುತ್ತೆ.

2. ಎರಡು ಕೋಲನ್ನೂ ಒಂದೇ ಸಮತಟ್ಟು ಜಾಗದಲ್ಲಿ ಅಕ್ಕಪಕ್ಕ ನಿಲ್ಲಿಸಿ. ಎರಡರಲ್ಲೂ ನೀರು ಒಂದೇ ಗುರುತಿನಲ್ಲಿ ನಿಂತರೆ ಸಾಧನ ಸರಿ ಇದೆ.

3. ಮಳೆ ನೀರು ಯಾವ ದಿಕ್ಕಿಗೆ ಜೋರಾಗಿ ಹರಿಯುತ್ತೋ ಆ ದಿಕ್ಕಿಗೆ ನೇರವಾಗಿ ಹಗ್ಗ ಎಳೆದು 20 ಮೀಟರಿಗೊಂದು ಗೂಟ ಹೊಡೆಯಿರಿ.

4. ಒಬ್ಬರು ಮೇಲಿನ ಗೂಟದ ಹತ್ತಿರ, ಇನ್ನೊಬ್ಬರು ಕೆಳಗಿನ ಗೂಟದ ಹತ್ತಿರ ಕೋಲನ್ನು ನೆಟ್ಟಗೆ ಹಿಡಿಯಿರಿ. ನೀರು ಅಲ್ಲಾಡುವುದು ನಿಲ್ಲಲಿ. ಮೇಲಿನ ಕೋಲಿನಲ್ಲಿ ನೀರು 75 ಸೆಂ.ಮೀ., ಕೆಳಗಿನ ಕೋಲಿನಲ್ಲಿ 105 ಸೆಂ.ಮೀ. ಇದ್ದರೆ ಅಷ್ಟರಲ್ಲಿ ನೆಲ 30 ಸೆಂ.ಮೀ. ಇಳಿದಿದೆ ಅಂತ ಅರ್ಥ. ಎರಡೂ ತುದಿಯಲ್ಲಿ ನೀರಿನ ಮಟ್ಟ ಒಂದೇ, ನೆಲ ಮಾತ್ರ ಮೇಲೆ ಕೆಳಗೆ ಇರುವುದು.

5. ಕೆಳಗಿನವರು ಅಲ್ಲೇ ನಿಲ್ಲಲಿ. ಮೇಲಿನವರು ಪೈಪಿನ ಬಾಯಿ ಹೆಬ್ಬೆರಳಲ್ಲಿ ಮುಚ್ಚಿಕೊಂಡು ಅವರನ್ನು ದಾಟಿ ಮುಂದಿನ ಗೂಟಕ್ಕೆ ಬರಲಿ. ಪ್ರತಿ ಸಲವೂ ಕೆಳಗಿನ ಅಳತೆಯಿಂದ ಮೇಲಿನ ಅಳತೆ ಕಳೆಯಿರಿ.

ಒಂದು ಹೊಲದ ಲೆಕ್ಕ

120 ಮೀಟರ್ ಉದ್ದದ ಒಂದು ಹೊಲವನ್ನು ಹೀಗೆ ಅಳೆದಾಗ ಈ ಅಂಕಿಗಳು ಬಂದವು ಅಂತ ಇಟ್ಟುಕೊಳ್ಳಿ.

0ಯಿಂದ 20 ಮೀಟರ್: ಇಳಿತ 30 ಸೆಂ.ಮೀ.
20ರಿಂದ 40: 29 ಸೆಂ.ಮೀ.
40ರಿಂದ 60: 31 ಸೆಂ.ಮೀ.
60ರಿಂದ 80: 61 ಸೆಂ.ಮೀ.
80ರಿಂದ 100: 60 ಸೆಂ.ಮೀ.
100ರಿಂದ 120: 59 ಸೆಂ.ಮೀ.

ಒಟ್ಟು ಇಳಿತ 270 ಸೆಂ.ಮೀ., ಅಂದರೆ 2.70 ಮೀಟರ್. ಬರೀ ಎರಡು ತುದಿ ನೋಡಿ ಭಾಗಿಸಿದರೆ 2.70 ÷ 120 = 0.0225. ಶೇಕಡಾ 2.25. ಇಷ್ಟಕ್ಕೇ ನಿಲ್ಲಿಸುವವರು ಬಹಳ.

ಈಗ ಅಂಕಿಗಳನ್ನು ಇನ್ನೊಂದು ಸಲ ನೋಡಿ. ಮೊದಲ ಮೂರು ಒಂದು ಥರ, ಕೊನೆಯ ಮೂರು ಇನ್ನೊಂದು ಥರ. ಮೇಲಿನ 60 ಮೀಟರಿನಲ್ಲಿ ಇಳಿತ 0.90 ಮೀಟರ್, ಇಳಿಜಾರು ಶೇಕಡಾ 1.5. ಕೆಳಗಿನ 60 ಮೀಟರಿನಲ್ಲಿ ಇಳಿತ 1.80 ಮೀಟರ್, ಇಳಿಜಾರು ಶೇಕಡಾ 3. ಶೇಕಡಾ 2.25 ಅನ್ನೋ ಇಳಿಜಾರು ಈ ಹೊಲದ ಯಾವ ಭಾಗದಲ್ಲೂ ಇಲ್ಲ! ಅದು ಎರಡರ ಸರಾಸರಿ ಮಾತ್ರ.

ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಹೊಲದ ತಳವನ್ನು ಸೊನ್ನೆ ಎತ್ತರ ಅಂತ ಇಟ್ಟುಕೊಂಡರೆ ಮೂರು ಬಿಂದು ಸಿಗುತ್ತವೆ: (0, 2.70), (60, 1.80), (120, 0). ಮೊದಲ ಎರಡನ್ನು ಸೇರಿಸಿದರೆ ಒಂದು ಗೆರೆ, ಇಳಿಜಾರು ಋಣ 0.015. ಆಮೇಲಿನ ಎರಡನ್ನು ಸೇರಿಸಿದರೆ ಇನ್ನೊಂದು ಗೆರೆ, ಋಣ 0.03. ನಡುವೆ 60ರ ಹತ್ತಿರ ಗೆರೆ ಮುರಿದು ಕೆಳಗೆ ಬಾಗುತ್ತೆ. ಹೊಲದಲ್ಲಿ ಕೊರಕಲು ಶುರುವಾಗುವುದು ಹೆಚ್ಚಾಗಿ ಇಂಥ ಮುರಿಯುವ ಜಾಗದಿಂದ ಕೆಳಗೇ. ಮೇಲಿಂದ ಬಂದ ನೀರಿಗೆ ಅಲ್ಲಿ ವೇಗ ಸಿಗುತ್ತೆ.

ಇದರಿಂದ ಕಲಿಯಬೇಕಾದ್ದು ಇಷ್ಟೇ: ಸರಳರೇಖೆಗೆ ಇಳಿಜಾರು ಒಂದೇ, ಹೊಲಕ್ಕೆ ಹಲವು. ಹೊಲವನ್ನು ನೇರ ತುಂಡುಗಳಾಗಿ ಮಾಡಿಕೊಂಡು ಒಂದೊಂದು ತುಂಡಿಗೂ ಬೇರೆ ಲೆಕ್ಕ ಮಾಡಿ.

ಬದುಗಳ ಅಂತರ ಹೇಗೆ ಬರುತ್ತೆ

ಮಣ್ಣು ಸಂರಕ್ಷಣೆಯಲ್ಲಿ ಬಳಸುವ ಸೂತ್ರಗಳಲ್ಲಿ ರ್ಯಾಮ್ಸರ್ ಸೂತ್ರ ಒಂದು. ಇಳಿಜಾರಿನ ಶೇಕಡಾ ಅಂಕಿಯನ್ನು 3ರಿಂದ ಭಾಗಿಸಿ, 2 ಕೂಡಿಸಿ, ಬಂದದ್ದನ್ನು 0.3ರಿಂದ ಗುಣಿಸಬೇಕು. ಸಿಗುವುದು ಒಂದು ಬದುವಿನಿಂದ ಇನ್ನೊಂದಕ್ಕೆ ಎಷ್ಟು ಮೀಟರ್ ಇಳಿತ ಇರಬೇಕು ಅನ್ನೋ ಅಂಕಿ. ಅದನ್ನು 100ರಿಂದ ಗುಣಿಸಿ ಇಳಿಜಾರಿನ ಶೇಕಡಾ ಅಂಕಿಯಿಂದ ಭಾಗಿಸಿದರೆ ನೆಲದ ಮೇಲಿನ ಅಂತರ.

ಶೇಕಡಾ 1: ಇಳಿತ 0.70 ಮೀಟರ್, ಅಂತರ 70 ಮೀಟರ್
ಶೇಕಡಾ 1.5: ಇಳಿತ 0.75, ಅಂತರ 50
ಶೇಕಡಾ 2: ಇಳಿತ 0.80, ಅಂತರ 40
ಶೇಕಡಾ 3: ಇಳಿತ 0.90, ಅಂತರ 30
ಶೇಕಡಾ 6: ಇಳಿತ 1.20, ಅಂತರ 20

ನಮ್ಮ ಲೆಕ್ಕದ ಹೊಲಕ್ಕೆ ಬನ್ನಿ. ಸರಾಸರಿ ಶೇಕಡಾ 2.25 ಹಿಡಿದರೆ ಅಂತರ ಸುಮಾರು 37 ಮೀಟರ್ ಬರುತ್ತೆ. ಹೊಲದುದ್ದಕ್ಕೂ 37 ಮೀಟರಿಗೊಂದು ಬದು ಹಾಕಿಸಿದರೆ ಏನಾಗುತ್ತೆ? ಮೇಲಿನ ಅರ್ಧದಲ್ಲಿ 50 ಮೀಟರ್ ಸಾಕಿತ್ತು, ಅಲ್ಲಿ ಸುಮ್ಮನೆ ದುಡ್ಡೂ ಜಾಗವೂ ಹೋಯಿತು. ಕೆಳಗಿನ ಅರ್ಧದಲ್ಲಿ 30 ಮೀಟರಿಗೆ ಇರಬೇಕಿತ್ತು, ಅಲ್ಲಿ ಒಂದೊಂದು ಬದುವಿನ ಮೇಲೂ ಲೆಕ್ಕಕ್ಕಿಂತ ಐದನೇ ಒಂದು ಭಾಗಕ್ಕೂ ಹೆಚ್ಚು ನೀರು ಬಂದು ಬೀಳುತ್ತೆ. ಜೋರು ಮಳೆಗೆ ಮೊದಲು ಒಡೆಯುವುದು ಅದೇ. ಒಂದು ಒಡೆದರೆ ಅದರ ನೀರೂ ಸೇರಿ ಕೆಳಗಿನದ್ದಕ್ಕೆ ನುಗ್ಗುತ್ತೆ.

ಖರ್ಚಿನ ಅಂದಾಜಿಗೂ ಇದು ಬೇಕು. 50 ಮೀಟರ್ ಅಂತರವಾದರೆ ಎಕರೆಗೆ ಸುಮಾರು 80 ಮೀಟರ್ ಬದು. 30 ಮೀಟರ್ ಅಂತರವಾದರೆ ಸುಮಾರು 135 ಮೀಟರ್. ಯಂತ್ರದ ಬಾಡಿಗೆ ಮಾತಾಡುವ ಮುಂಚೆ ಈ ಅಂಕಿ ಕೈಯಲ್ಲಿದ್ದರೆ ಮಾತು ಸುಲಭ.

ಈ ಸೂತ್ರ ಒಂದು ದಾರಿ ತೋರಿಸುತ್ತೆ ಅಷ್ಟೇ. ಮಳೆ ಪ್ರಮಾಣ, ಮಣ್ಣು ನೀರು ಇಂಗಿಸುವ ಗುಣ ನೋಡಿಕೊಂಡು ಅಂತರ ಹೆಚ್ಚುಕಡಿಮೆ ಮಾಡುತ್ತಾರೆ. ನಿಮ್ಮ ಅಳತೆ ಬರೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ. "ಸ್ವಲ್ಪ ಇಳುಕಲು" ಅಂತ ಕೇಳುವುದಕ್ಕೂ "ಮೇಲೆ ಒಂದೂವರೆ, ಕೆಳಗೆ ಮೂರು ಪರ್ಸೆಂಟ್" ಅಂತ ಕೇಳುವುದಕ್ಕೂ ಸಿಗುವ ಉತ್ತರದಲ್ಲಿ ವ್ಯತ್ಯಾಸ ಇರುತ್ತೆ.

ಎಲ್ಲಿ ಸೊನ್ನೆ, ಎಲ್ಲಿ ಸೊನ್ನೆಗಿಂತ ಸ್ವಲ್ಪ ಹೆಚ್ಚು

ಬದುವಿನ ಅಂತರ ಗೊತ್ತಾಯಿತು. ಬದು ಯಾವ ದಿಕ್ಕಿಗೆ ಸಾಗಬೇಕು? ಇಲ್ಲೂ ಇಳಿಜಾರಿನದೇ ಲೆಕ್ಕ. ಲೆವೆಲ್ ಪೈಪನ್ನು ಈಗ ಇಳಿಜಾರಿಗೆ ಅಡ್ಡಲಾಗಿ ಹಿಡಿಯಿರಿ. ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ಬರುವ ತನಕ ಒಬ್ಬರು ಮೇಲೆ ಕೆಳಗೆ ಸರಿಯುತ್ತಾ ಹೋಗಿ, ಸಿಕ್ಕ ಜಾಗಕ್ಕೆ ಗೂಟ ಹೊಡೆಯಿರಿ. ಹೀಗೆ ಗೂಟದಿಂದ ಗೂಟಕ್ಕೆ ಸಿಗುವ ಗೆರೆಯ ಇಳಿಜಾರು ಸೊನ್ನೆ. ಇದೇ ಸಮಪಾತಳಿ ಗೆರೆ. ಗೆರೆ ಅಂಕುಡೊಂಕಾಗಿ ಬರುತ್ತೆ. ತೀರಾ ಚಿಕ್ಕ ಡೊಂಕುಗಳನ್ನು ಸರಿ ಮಾಡಿಕೊಳ್ಳಬಹುದು, ಆದರೆ ನೋಡೋಕೆ ಚೆಂದ ಇರಲಿ ಅಂತ ಪೂರ್ತಿ ನೆಟ್ಟಗೆ ಎಳೆದರೆ ತಗ್ಗಿನ ಜಾಗದಲ್ಲಿ ನೀರು ಸೇರಿ ಬದು ಒಡೆಯುತ್ತೆ.

ಮಳೆ ಕಡಿಮೆ ಇರುವ, ನೀರು ಬೇಗ ಇಂಗುವ ಕೆಂಪು ಮಣ್ಣಿಗೆ ಈ ಸಮಪಾತಳಿ ಬದು ಒಪ್ಪುತ್ತೆ. ಆಳವಾದ ಎರೆ ಭೂಮಿಗೆ ಇದು ಸರಿ ಹೋಗಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಮಳೆಗಾಲದಲ್ಲಿ ನೀರು ಇಂಗಿಸಿಕೊಳ್ಳದೆ ನಿಲ್ಲಿಸಿಕೊಳ್ಳುತ್ತೆ. ಬಿರುಕಿನಿಂದ ಬದು ಒಡೆಯುವುದು ಒಂದು ಕಡೆ, ಬದುವಿನ ಹಿಂದೆ ನೀರು ನಿಂತು ಬೆಳೆ ಕೊಳೆಯುವುದು ಇನ್ನೊಂದು ಕಡೆ. ಮಳೆ ಹೆಚ್ಚಿರುವ ಕಡೆ ಮತ್ತು ಎರೆ ಭೂಮಿಯಲ್ಲಿ ಬದುವಿನ ಗುಂಟ ಶೇಕಡಾ 0.2ರಿಂದ 0.4ರಷ್ಟು ಸಣ್ಣ ಇಳಿಜಾರು ಕೊಡುತ್ತಾರೆ. 100 ಮೀಟರ್ ಉದ್ದಕ್ಕೆ 20ರಿಂದ 40 ಸೆಂ.ಮೀ. ಅಷ್ಟೇ. ನೀರು ಮಣ್ಣು ಎಬ್ಬಿಸದೆ ನಿಧಾನವಾಗಿ ಹೊರಗೆ ಹೋಗಬೇಕು. ಹೋಗುವ ಕಡೆ ಹುಲ್ಲು ಬೆಳೆದ ಕಾಲುವೆಯೋ ಕಲ್ಲು ಜೋಡಿಸಿದ ಕೋಡಿಯೋ ಇರಲೇಬೇಕು.

ಇಕ್ರಿಸ್ಯಾಟ್ ಸಂಸ್ಥೆ ಎರೆ ಭೂಮಿಗೆ ರೂಪಿಸಿದ ಅಗಲ ಮಡಿ ಮತ್ತು ಸಾಲು ಪದ್ಧತಿಯಲ್ಲೂ ಸಾಲುಗಳಿಗೆ ಶೇಕಡಾ 0.4ರಿಂದ 0.8ರ ಇಳಿಜಾರು ಹೇಳುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ, ಅಳೆದೇ ಕೊಡಬೇಕು.

ಗೆರೆ ಸಿಕ್ಕ ಮೇಲೆ ಅದರ ಮೇಲೆ ಲಾವಂಚ ನೆಡುವುದು ಒಳ್ಳೆಯ ಉಪಾಯ. ಗುಂಡ್ಲುಪೇಟೆ ಸೀಮೆಯ ರೈತರು ಬಹುಕಾಲದಿಂದ ಹೊಲದ ಅಂಚಿಗೆ ಲಾವಂಚ ಬೆಳೆಸಿಕೊಂಡು ಬಂದಿದ್ದಾರೆ. ಬೇರು ನೇರ ಕೆಳಗೆ ಇಳಿಯುವುದರಿಂದ ಬೆಳೆಗೆ ಅಷ್ಟಾಗಿ ತೊಂದರೆ ಕೊಡಲ್ಲ, ದಟ್ಟ ಬುಡ ಮಣ್ಣನ್ನು ತಡೆದು ನೀರನ್ನು ಬಿಡುತ್ತೆ.

ಹನಿ ನೀರಾವರಿಗೂ, ಕೃಷಿ ಹೊಂಡಕ್ಕೂ

ನೀರು 10 ಮೀಟರ್ ಕೆಳಗೆ ಇಳಿದರೆ ಪೈಪಿನೊಳಗೆ ಸುಮಾರು 1 ಕೆ.ಜಿ. ಒತ್ತಡ ಹೆಚ್ಚುತ್ತೆ. ಶೇಕಡಾ 3 ಇಳಿಜಾರಿನಲ್ಲಿ 60 ಮೀಟರ್ ಲ್ಯಾಟರಲ್ ಕೆಳಮುಖವಾಗಿ ಎಳೆದರೆ ತುದಿಗೆ 1.8 ಮೀಟರ್ ಇಳಿತ, ಅಂದರೆ 0.18 ಕೆ.ಜಿ. ಹೆಚ್ಚು ಒತ್ತಡ. 1 ಕೆ.ಜಿ. ಒತ್ತಡದಲ್ಲಿ ನಡೆಯುವ ಸಾದಾ ಡ್ರಿಪ್ಪರ್ ಆದರೆ, ಪೈಪಿನೊಳಗಿನ ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ, ಕೆಳಗಿನ ಗಿಡಕ್ಕೆ ಮೇಲಿನದಕ್ಕಿಂತ ಸುಮಾರು ಶೇಕಡಾ 9ರಷ್ಟು ಹೆಚ್ಚು ನೀರು. ಲ್ಯಾಟರಲ್ ಇಳಿಜಾರಿಗೆ ಅಡ್ಡಲಾಗಿ, ಸಬ್‌ಮೇನ್ ಇಳಿಜಾರಿನ ಗುಂಟ ಇರಲಿ ಅನ್ನುವುದು ಇದಕ್ಕೇ.

ಕೃಷಿ ಹೊಂಡದಲ್ಲಿ ಮಾತ್ರ ಲೆಕ್ಕ ಉಲ್ಟಾ ಹೇಳುತ್ತಾರೆ, ಹುಷಾರು. ಪಕ್ಕದ ಇಳಿಜಾರು "ಒಂದೂವರೆಗೆ ಒಂದು" ಅಂದರೆ ಅಡ್ಡಕ್ಕೆ ಒಂದೂವರೆ, ಆಳಕ್ಕೆ ಒಂದು. 21 ಮೀಟರ್ ಚೌಕದ ಬಾಯಿ, 3 ಮೀಟರ್ ಆಳದ ಹೊಂಡಕ್ಕೆ ಈ ಇಳಿಜಾರು ಕೊಟ್ಟರೆ ಪ್ರತಿ ಬದಿಯೂ ನಾಲ್ಕೂವರೆ ಮೀಟರ್ ಒಳಕ್ಕೆ ಬರುತ್ತೆ, ತಳ 12 ಮೀಟರ್ ಚೌಕ ಉಳಿಯುತ್ತೆ. ಹಿಡಿಯುವ ನೀರು ಸುಮಾರು 8.37 ಲಕ್ಷ ಲೀಟರ್. ಉದ್ದ, ಅಗಲ, ಆಳ ಗುಣಿಸಿ 13 ಲಕ್ಷ ಲೀಟರ್ ಅಂತ ಲೆಕ್ಕ ಹಾಕಿಕೊಂಡು ಬೆಳೆ ಇಟ್ಟರೆ ಕೊನೆ ನೀರಿಗೆ ಪರದಾಡಬೇಕಾಗುತ್ತೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಇಳಿತ ಇಂಚಿನಲ್ಲಿ, ದೂರ ಅಡಿಯಲ್ಲಿ ಇಟ್ಟು ಭಾಗಿಸುವುದು. ಎರಡೂ ಒಂದೇ ಮಾನದಲ್ಲಿ ಇರಬೇಕು.

• ಶೇಕಡಾ ಮತ್ತು ಡಿಗ್ರಿ ಒಂದೇ ಅಂದುಕೊಳ್ಳುವುದು. 45 ಡಿಗ್ರಿ ಅಂದರೆ ಶೇಕಡಾ 100. 10 ಡಿಗ್ರಿ ಅಂದರೆ ಶೇಕಡಾ 17.6. ಮೊಬೈಲ್ ಆ್ಯಪ್‌ನಲ್ಲಿ ನೋಡುವವರು ಯಾವುದು ತೋರಿಸುತ್ತಿದೆ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

• ಟೇಪನ್ನು ನೆಲದ ಮೇಲೆ ಹಾಸಿ ಅಳೆಯುವುದು. ಲೆಕ್ಕಕ್ಕೆ ಬೇಕಾದ್ದು ಮಟ್ಟವಾಗಿ ಹಿಡಿದ ಅಡ್ಡ ದೂರ. ಬಯಲುಸೀಮೆಯ ಶೇಕಡಾ 2, 3ಕ್ಕೆ ವ್ಯತ್ಯಾಸ ಗೊತ್ತೇ ಆಗಲ್ಲ, ಶೇಕಡಾ 10ರಲ್ಲೂ ನೂರು ಮೀಟರಿಗೆ ಅರ್ಧ ಮೀಟರ್ ಮಾತ್ರ. ಮಲೆನಾಡಿನ ಶೇಕಡಾ 30ರ ಗುಡ್ಡದಲ್ಲಿ ನೆಲದ ಮೇಲಿನ 100 ಮೀಟರ್ ಅಂದರೆ ಅಡ್ಡಕ್ಕೆ 96 ಮೀಟರೂ ಇರಲ್ಲ.

• ಓರೆಯಾಗಿ ನಡೆದು ಅಳೆಯುವುದು. ನೀರು ಹರಿಯುವ ದಿಕ್ಕು ಬಿಟ್ಟು ಓರೆಯಲ್ಲಿ ಅಳೆದರೆ ಇಳಿಜಾರು ಇದ್ದದ್ದಕ್ಕಿಂತ ಕಡಿಮೆ ಬರುತ್ತೆ, ಬದುಗಳ ಅಂತರ ಹೆಚ್ಚಾಗಿ ಬಿಡುತ್ತೆ.

ಒಂದೆರಡು ಎಕರೆ ಅಳೆಯೋಕೆ ಅರ್ಧ ದಿನ ಸಾಕು. ಹೊಲದ ಒಂದು ಕಡೆ ಮಾತ್ರ ಅಳೆದು ಬಿಡಬೇಡಿ, ಎರಡು ಮೂರು ಸಾಲಿನಲ್ಲಿ ಅಳೆದು, ದಿನಾಂಕ ಹಾಕಿ, ಪಹಣಿ ಇಡುವ ಫೈಲಿನಲ್ಲೇ ಇಟ್ಟುಕೊಳ್ಳಿ. ಬದು, ಹೊಂಡ, ಡ್ರಿಪ್, ಯಾವುದಕ್ಕೆ ಹೋದರೂ ಇದೇ ಅಂಕಿ ಬೇಕಾಗುತ್ತೆ. ಅಳತೆಗೆ ಕೋಲು ಹಿಡಿಯೋಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಭಾಗಾಕಾರ ಅವರಿಂದಲೇ ಮಾಡಿಸಿ. ಜೆಸಿಬಿ ಗದ್ದೆಗೆ ಇಳಿಯುವ ಮುಂಚೆ ಗೂಟಗಳು ನಿಂತಿರಲಿ.